ಮಳೆ ಬಂದ್ರೂ ಹುಲ್ಲು ಬರ್ತಿಲ್ವಾ? ಒಣ ಬೋರೆ ಹುಲ್ಲುಗಾವಲಿನ ಮಣ್ಣಲ್ಲಿ ದೋಷ ಎಲ್ಲಿದೆ ಅಂತ ಹುಡುಕೋ ಕ್ರಮ

ಮಳೆ ಚೆನ್ನಾಗೇ ಬಂತು, ಕೆಳಗಡೆ ತಗ್ಗಲ್ಲಿ ಹುಲ್ಲು ಮೊಣಕಾಲುದ್ದ ಎದ್ದಿದೆ, ಮೇಲೆ ಬೋರೆ ಮೇಲೆ ಮಾತ್ರ ಬೋಳು ಬೋಳು. ಒಣ ಎತ್ತರದ ಹುಲ್ಲುಗಾವಲು ಇಟ್ಕೊಂಡಿರೋರ ದೂರು ಹೆಚ್ಚುಕಮ್ಮಿ ಇದೇ ಒಂದು. ದೂರು ಬಂದ ತಕ್ಷಣ ಮಾಡೋ ಕೆಲಸಾನೂ ಒಂದೇ, ಗೊಬ್ಬರ ಹಾಕೋದು, ಇಲ್ಲ ಟ್ರ್ಯಾಕ್ಟರ್ ತಂದು ಉತ್ತುಬಿಡೋದು, ಇಲ್ಲ ಬೀಜ ಎರಚೋದು. ಎರಡು ವರ್ಷ ಆದ್ಮೇಲೆ ನೋಡಿದ್ರೆ ಮೊದಲಿಗಿಂತ ಕಡೆಯಾಗಿರತ್ತೆ. ಯಾಕಂದ್ರೆ ಯಾರೂ ಗುಂಡಿ ತೋಡಿ ನೋಡಿರಲ್ಲ. ಒಣ ಮಣ್ಣಲ್ಲಿ ಕೇಳಬೇಕಾದ ಮೊದಲನೇ ಪ್ರಶ್ನೆ "ಏನು ಕಮ್ಮಿ ಇದೆ" ಅಂತ ಅಲ್ಲ, "ಬಿದ್ದ ಮಳೆ ಹನಿ ಎಲ್ಲಿ ನಿಂತುಹೋಯ್ತು" ಅಂತ. ಆ ಹನಿಯ ಹಿಂದೆ ಮೇಲಿಂದ ಕೆಳಕ್ಕೆ ಹೋಗ್ತಾ ಇದ್ರೆ ದೋಷ ತಾನಾಗೇ ಸಿಗತ್ತೆ, ಅದಕ್ಕೇ ಈ ಬರಹಾನೂ ಅದೇ ದಾರೀಲಿ ಹೋಗತ್ತೆ.

ಮೊದ್ಲು: ಸ್ವಭಾವ ಯಾವ್ದು, ದೋಷ ಯಾವ್ದು

ಇದನ್ನ ಬೇರೆ ಮಾಡ್ಕೊಳ್ದೆ ಮುಂದೆ ಹೋಗ್ಬೇಡಿ ಪ್ಲೀಸ್, ಅರ್ಧ ತಪ್ಪು ಇಲ್ಲೇ ಆಗೋದು.

ಒಣ ಬೋರೆ ಮಣ್ಣು ಹುಟ್ಟೋದೇ ಒಂದು ಥರ. ಮೇಲ್ಪದರ ತೆಳು, ಬಣ್ಣ ತಿಳಿ, ಯಾಕಂದ್ರೆ ಗಿಡ ಕಮ್ಮಿ, ಹಾಗಾಗಿ ಕೊಳೆತು ಸೇರೋ ಸಾವಯವ ಅಂಶಾನೂ ಕಮ್ಮಿ, ಎಷ್ಟೋ ಕಡೆ ಶೇಕಡಾ 1ಕ್ಕಿಂತ ಕೆಳಗೇ ಇರತ್ತೆ. ಕಲ್ಲು, ಗರಸು ಜಾಸ್ತಿ. ಮಳೆ ನೀರು ಪೂರ್ತಿ ಕೆಳಗೆ ತೊಳ್ಕೊಂಡು ಹೋಗೋಷ್ಟು ಇರಲ್ಲ, ಹಂಗಾಗಿ ಕರಗಿದ ಸುಣ್ಣ ಒಂದು ಆಳದವರೆಗೆ ಇಳಿದು ಅಲ್ಲೇ ಕೂತ್ಕೊಳತ್ತೆ, ಬಿಳಿ ದಾರದ ಥರ, ಆಮೇಲೆ ಗಂಟುಗಳ ಥರ, ಸಾವಿರಾರು ವರ್ಷ ಕಳೆದ ಹಳೇ ಮಣ್ಣಲ್ಲಂತೂ ಸಿಮೆಂಟ್ ಹಾಕಿದಂಗೆ ಗಟ್ಟಿ ಪದರ. ಸುಣ್ಣದ ಸ್ವಲ್ಪ ಮೇಲೆ ಜೇಡಿ ಜಾಸ್ತಿ ಇರೋ ಕೆಂಪಗಿನ ಪದರ ಇರಬಹುದು, ಅದೂ ಮೇಲಿಂದ ಸಣ್ಣ ಸಣ್ಣ ಕಣ ಇಳಿದು ನಿಧಾನವಾಗಿ ಆಗಿರೋದು. ಇವೆಲ್ಲ ಆ ಮಣ್ಣಿನ ಹುಟ್ಟುಗುಣ, ಇದನ್ನ ರಿಪೇರಿ ಮಾಡಕ್ಕಾಗಲ್ಲ, ಮಾಡಬೇಕಾಗೂ ಇಲ್ಲ, ಇಂಥ ಮಣ್ಣಲ್ಲೇ ಬದುಕೋ ಹುಲ್ಲುಗಳಿವೆ.

ದೋಷ ಅಂದ್ರೆ ಬದಲಾಗಿರೋದು. ಹಕ್ಕಳೆ ಕಟ್ಟಿರೋದು, ತುಳಿದು ತುಳಿದು ಬಿಗಿಯಾಗಿರೋದು, ಮೇಲ್ಮಣ್ಣು ಕೊಚ್ಚಿ ಹೋಗಿರೋದು, ಹುಲ್ಲಿನ ಬುಡಗಳ ನಡುವಿನ ಬೋಳು ಜಾಗ ಅಗಲ ಆಗಿರೋದು. ಇವು ಹತ್ತಿಪ್ಪತ್ತು ವರ್ಷದಲ್ಲಿ, ಕೆಲವು ಒಂದೇ ಸೀಸನ್‌ನಲ್ಲಿ ಆಗುವಂಥವು, ಇವನ್ನ ಹಿಂದಕ್ಕೆ ತರೋ ಆಸೆ ಇಟ್ಕೋಬಹುದು. ಹುಟ್ಟುಗುಣವನ್ನ ದೋಷ ಅನ್ಕೊಂಡು ಅದರ ಜೊತೆ ಗುದ್ದಾಡೋದು ದುಡ್ಡು ಹಾಳು, ದೋಷವನ್ನ ಹುಟ್ಟುಗುಣ ಅನ್ಕೊಂಡು "ಈ ನೆಲ ಇಷ್ಟೇ" ಅಂತ ಬಿಟ್ಬಿಡೋದು ನೆಲಾನೇ ಹಾಳು. ನನಗೆ ಎರಡನೇದೇ ಜಾಸ್ತಿ ಸಂಕಟ ಕೊಡೋದು.

ಹೋಲಿಕೆ ಇಲ್ದೆ ರೋಗ ಗೊತ್ತಾಗಲ್ಲ

ಬರೀ ಕೆಟ್ಟ ಜಾಗ ನೋಡಿ ಏನೂ ಹೇಳಕ್ಕಾಗಲ್ಲ. ಅದೇ ಇಳಿಜಾರಲ್ಲಿ, ಅದೇ ಎತ್ತರದಲ್ಲಿ, ಅದೇ ದಿಕ್ಕಿಗೆ ಮುಖ ಮಾಡಿರೋ ಒಂದು ಒಳ್ಳೇ ಜಾಗ ಬೇಕು. ಬೇಲಿ ಇದ್ರೆ ತುಂಬಾ ಒಳ್ಳೇದು, ಆ ಕಡೆ ಒಂದು ಗುಂಡಿ ಈ ಕಡೆ ಒಂದು ಗುಂಡಿ, ಮಳೆ ಒಂದೇ, ಕಲ್ಲು ಒಂದೇ, ವ್ಯತ್ಯಾಸ ಕಂಡ್ರೆ ಅದು ಬಳಕೆಯಿಂದ ಬಂದಿದ್ದು. ಬೇಲಿ ಇಲ್ಲಾಂದ್ರೆ ದನ ಕುರಿ ಹೋಗಕ್ಕಾಗದ ಕಲ್ಲು ಸಂದಿ, ಮುಳ್ಳು ಪೊದೆ ಒಳಗಿನ ಜಾಗ ನೋಡಿ.

ತಪ್ಪು ಹೋಲಿಕೆ ಮಾಡ್ಬೇಡಿ. ತಗ್ಗಿನ ಮಣ್ಣಿಗೆ ಮೇಲಿಂದ ಹರಿದು ಬಂದ ನೀರೂ ಸಿಗತ್ತೆ, ಮಣ್ಣೂ ಸಿಗತ್ತೆ, ಬೋರೆಗೆ ಬಿದ್ದ ಮಳೆ ಮಾತ್ರ ಗತಿ, ಅದರಲ್ಲೂ ಒಂದು ಪಾಲು ಕೆಳಗೆ ಹೋಗತ್ತೆ. ದಿಬ್ಬದ ತಲೆ, ಭುಜ, ಬೆನ್ನು, ಕಾಲು ಅಂತ ಇಳೀತಾ ಹೋದಂಗೆ ಮಣ್ಣು ಬದಲಾಗೋದಕ್ಕೆ ಮಣ್ಣು ವಿಜ್ಞಾನದಲ್ಲಿ ಕಟೀನಾ ಅಂತ ಹೆಸರೇ ಇದೆ, ಜೆಫ್ರಿ ಮಿಲ್ನ್ ಅನ್ನೋರು 1930ರ ದಶಕದಲ್ಲಿ ಪೂರ್ವ ಆಫ್ರಿಕಾದಲ್ಲಿ ಕೆಲಸ ಮಾಡ್ವಾಗ ಕೊಟ್ಟ ಹೆಸರು. ಸರಪಳಿ ಅನ್ನೋ ಅರ್ಥ. ಭುಜದ ಜಾಗದಲ್ಲಿ ಮಣ್ಣು ಎಲ್ಲಕ್ಕಿಂತ ತೆಳು ಇರೋದು ಸಹಜ, ಅದನ್ನ ಕಾಲಿನ ಮಣ್ಣಿಗೆ ಹೋಲಿಸಿ ಬೇಜಾರಾಗೋದ್ರಲ್ಲಿ ಅರ್ಥ ಇಲ್ಲ. ಹಾಗೇ ಬಿಸಿಲಿಗೆ ನೇರ ಮುಖ ಕೊಟ್ಟಿರೋ ಇಳಿಜಾರು ಬೇಗ ಒಣಗತ್ತೆ, ಹಿಂಬದಿ ಇಳಿಜಾರು ತಂಪು, ಅಲ್ಲಿ ಮೇಲ್ಮಣ್ಣು ಕಪ್ಪಗೆ ದಪ್ಪ ಇರೋದೂ ಸಹಜಾನೇ.

ಮಳೆ ಬಂದ ಮಾರನೇ ದಿನ ಗುಂಡಿ ತೋಡಿ

ನನ್ನ ಪ್ರಕಾರ ಇದಕ್ಕಿಂತ ಒಳ್ಳೇ ಟೆಸ್ಟ್ ಇನ್ನೊಂದಿಲ್ಲ, ಖರ್ಚೂ ಇಲ್ಲ. ಮಳೆ ಎಷ್ಟು ಬಿತ್ತು ಅಂತ ಅಳೆದಿಟ್ಕೊಳ್ಳಿ, ನೇರ ಗೋಡೆಯ ಡಬ್ಬಿ ಆದ್ರೂ ಸಾಕು. ಮಾರನೇ ದಿನ ಗುದ್ದಲಿ ತಗೊಂಡು 50 ಸೆಂ.ಮೀ. ಆಳ ಗುಂಡಿ ತೋಡಿ (ಬಂಡೆ ಮೊದಲೇ ಸಿಕ್ಕರೆ ಅಲ್ಲೀವರೆಗೆ), ಒಂದು ಗೋಡೆಯನ್ನ ಚಾಕುವಲ್ಲಿ ನೀಟಾಗಿ ಕೆರೆದು, ಹಸಿ ಎಲ್ಲೀವರೆಗೆ ಇಳಿದಿದೆ ಅಂತ ಟೇಪ್ ಇಟ್ಟು ನೋಡಿ.

ಒಣಗಿರೋ ಮಣ್ಣಿಗೆ 25 ಮಿ.ಮೀ. ನೀರು ಪೂರ್ತಿ ಇಂಗಿದ್ರೆ ಮರಳು ಮಣ್ಣಲ್ಲಿ ಸುಮಾರು 30 ಸೆಂ.ಮೀ., ಮಧ್ಯಮ ಮಣ್ಣಲ್ಲಿ 15ರಿಂದ 25 ಸೆಂ.ಮೀ., ಜೇಡಿಯಲ್ಲಿ 10ರಿಂದ 13 ಸೆಂ.ಮೀ. ಹಸಿ ಆಗಿರಬೇಕು. ನಿಮ್ಮದು ಮಧ್ಯಮ ಮಣ್ಣು, ಬಿದ್ದಿದ್ದು 25 ಮಿ.ಮೀ., ಹಸಿ ಇಳಿದಿದ್ದು ಬರೀ 5 ಸೆಂ.ಮೀ. ಅಂದ್ರೆ ಮುಕ್ಕಾಲು ಪಾಲು ನೀರು ಹರಿದು ಹೋಯ್ತು ಅಂತ ಲೆಕ್ಕ, ಗೊಬ್ಬರದ ಮಾತು ಅಲ್ಲಿಗೆ ಮುಗೀತು. 25 ಮಿ.ಮೀ. ಮಳೆ ಅಂದ್ರೆ ಒಂದು ಹೆಕ್ಟೇರಿಗೆ ಎರಡೂವರೆ ಲಕ್ಷ ಲೀಟರ್, ಅದರ ಮುಕ್ಕಾಲು ಪಾಲು ಹೋಗಿದೆ ಅಂತ ಯೋಚ್ನೆ ಮಾಡಿ ನೋಡಿ.

ಹಸಿ ಚೆನ್ನಾಗಿ ಇಳಿದಿದ್ರೆ ದೋಷ ಮೇಲ್ಮೈಯಲ್ಲಿಲ್ಲ, ಕೆಳಗಿನ ಪದರದ ಕಡೆ ಹೋಗಿ. ಹಸಿ ಒಂದು ಗೆರೆ ಎಳೆದಂಗೆ ಥಟ್ಟನೆ ನಿಂತಿದ್ರೆ ಆ ಗೆರೆಯಲ್ಲೇ ಏನೋ ಇದೆ. ಹಸಿ ಅಂಕುಡೊಂಕಾಗಿ, ಹುಲ್ಲಿನ ಬುಡದ ಕೆಳಗೆ ಆಳ, ಬೋಳು ಜಾಗದಲ್ಲಿ ಮೇಲೆ ಮೇಲೆ ಅಂತ ಇದ್ರೆ ಅದು ಬೋಳು ಜಾಗದ ಹಕ್ಕಳೆ ಸಮಸ್ಯೆ, ಬಹಳ ಸಲ ಕಾಣೋದು ಇದೇನೇ.

ಇನ್ನು ಮರಳೋ ಜೇಡಿಯೋ ಗೊತ್ತಾಗ್ಲಿಲ್ಲ ಅಂದ್ರೆ ಒಂದು ಹಿಡಿ ಮಣ್ಣಲ್ಲಿ ಕಲ್ಲು ತೆಗೆದು, ನೀರು ಹಾಕಿ ಚಪಾತಿ ಹಿಟ್ಟಿನ ಹದಕ್ಕೆ ನಾದಿ, ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ಪಟ್ಟಿ ಥರ ಹೊರಗೆ ತಳ್ಳಿ. ಉಂಡೆನೇ ಕಟ್ಟದೆ ಉದುರಿದ್ರೆ ಮರಳು. ಪಟ್ಟಿ 2.5 ಸೆಂ.ಮೀ. ಒಳಗೆ ಮುರಿದ್ರೆ ಮಧ್ಯಮ, 2.5ರಿಂದ 5 ಆದ್ರೆ ಜೇಡಿ ಬೆರೆತ ಮಧ್ಯಮ, 5 ದಾಟಿದ್ರೆ ಜೇಡಿ. ಪ್ರತಿ ಪದರಕ್ಕೂ ಬೇರೆ ಬೇರೆ ಮಾಡಿ, ಮೇಲಿಂದು ಕೆಳಗಿಂದು ಒಂದೇ ಅಂತ ಅನ್ಕೋಬೇಡಿ.

ಹನಿ ಮೇಲ್ಮೈಯಲ್ಲೇ ನಿಂತಿದ್ರೆ

ಇಲ್ಲಿ ಸ್ವಲ್ಪ ಹೊತ್ತು ಕೂತು ನೋಡ್ಬೇಕು, ಯಾಕಂದ್ರೆ ಒಣ ಹುಲ್ಲುಗಾವಲಿನ ಮೇಲ್ಮೈ ಅನ್ನೋದು ನಾಲ್ಕೈದು ಥರ ಇರತ್ತೆ, ಎಲ್ಲದಕ್ಕೂ ಔಷಧಿ ಬೇರೆ ಬೇರೆ, ಒಂದಕ್ಕಂತೂ ಔಷಧಿನೇ ಕೊಡಬಾರ್ದು.

ಒಂದು, ಮಳೆ ಹೊಡೆತದ ಹಕ್ಕಳೆ. ಬೋಳು ಮಣ್ಣಿಗೆ ಹನಿ ಬಿದ್ದಾಗ ಉಂಡೆಗಳು ಒಡೆದು ಸಣ್ಣ ಕಣ ರಂಧ್ರಕ್ಕೆ ತುಂಬ್ಕೊಂಡು, ಒಣಗಿದ್ಮೇಲೆ ಕೆಲವು ಮಿ.ಮೀ. ದಪ್ಪದ ಗಟ್ಟಿ ತೊಗಟೆ ಆಗತ್ತೆ. ಚಾಕು ತುದಿಯಲ್ಲಿ ಎಬ್ಬಿಸಿದ್ರೆ ಬಿಲ್ಲೆ ಥರ ಏಳತ್ತೆ, ಕೆಳಭಾಗ ನುಣುಪು, ಒಳಗೆ ಬೇರಾಗಲಿ ದಾರದಂಥ ಎಳೆಯಾಗಲಿ ಕಾಣಲ್ಲ. ಇದು ದೋಷ.

ಇನ್ನೊಂದು, ಗುಳ್ಳೆ ಹಕ್ಕಳೆ. ಬಿಲ್ಲೆಯನ್ನ ಮುರಿದು ಅಂಚನ್ನ ನೋಡಿದ್ರೆ ಬ್ರೆಡ್ ಥರ ಸಣ್ಣ ಸಣ್ಣ ದುಂಡು ತೂತು. ತೂತಿದೆಯಲ್ಲ ನೀರು ಇಳಿಯತ್ತೆ ಅಂತ ಅನ್ನಿಸತ್ತೆ, ಆದ್ರೆ ಆ ಗುಳ್ಳೆಗಳು ಒಂದಕ್ಕೊಂದು ಸೇರಿರಲ್ಲ, ಒಳಗೆ ಸಿಕ್ಕಿಬಿದ್ದ ಗಾಳಿಯಿಂದ ಆದವು, ಹಾಗಾಗಿ ನೀರು ಇಳಿಯೋದು ತುಂಬಾ ನಿಧಾನ. ಗಾಳಿ ತಂದ ನುಣ್ಣನೆ ಧೂಳು ಸೇರಿರೋ ಕಡೆ, ಕಲ್ಲು ಹಾಸಿದಂಗಿರೋ ನೆಲದ ಕೆಳಗೆ ಇದು ಜಾಸ್ತಿ. ಎಷ್ಟೋ ಕಡೆ ಇದು ಹುಟ್ಟುಗುಣ, ಪೊದೆಗಳ ನಡುವೆ ಮೊದಲಿಂದಲೂ ಇದ್ದಿದ್ದು. ಆದ್ರೆ ಒಳ್ಳೇ ಜಾಗದಲ್ಲಿ ಇಲ್ದೇ ನಿಮ್ಮ ಜಾಗದಲ್ಲಿ ಮಾತ್ರ ಇದ್ರೆ ಮೇಲ್ಮಣ್ಣು ಬದಲಾಗಿದೆ ಅಂತ ಅರ್ಥ.

ಮೂರನೇದು ಜೀವಂತ ಹಕ್ಕಳೆ, ಇದನ್ನ ಗುರುತಿಸೋದು ಕಲೀಲೇಬೇಕು. ಸಯನೋಬ್ಯಾಕ್ಟೀರಿಯಾ (ಬಿಸಿಲಲ್ಲಿ ತಾವೇ ಆಹಾರ ಮಾಡ್ಕೊಳ್ಳೋ ಸೂಕ್ಷ್ಮಜೀವಿಗಳು), ಪಾಚಿ, ಕಲ್ಲುಹೂವು ಎಲ್ಲ ಸೇರಿ ಮಣ್ಣಿನ ಮೇಲ್ಪದರವನ್ನ ಹೆಣೆದಿಟ್ಟಿರತ್ತೆ. ಒಣಗಿದಾಗ ಕಪ್ಪಗೆ, ಉಬ್ಬುತಗ್ಗಾಗಿ, ಏನೋ ಸುಟ್ಟಂಗೆ ಕಾಣತ್ತೆ, ಅದಕ್ಕೇ ಜನ ಇದನ್ನ ರೋಗ ಅನ್ಕೊಳ್ತಾರೆ. ಬಿಲ್ಲೆಯನ್ನ ನಿಧಾನಕ್ಕೆ ಎತ್ತಿದ್ರೆ ಅಡಿಯಲ್ಲಿ ಮರಳ ಕಣಗಳು ಸಣ್ಣ ದಾರಕ್ಕೆ ಪೋಣಿಸಿದಂಗೆ ನೇತಾಡ್ತಿರತ್ತೆ, ನೀರು ಚಿಮುಕಿಸಿದ್ರೆ ಕೆಲವೇ ನಿಮಿಷದಲ್ಲಿ ಹಸಿರು ಬರತ್ತೆ. ಇದು ಮಣ್ಣನ್ನ ಗಾಳಿ ನೀರಿಂದ ಹಿಡ್ಕೊಳ್ಳತ್ತೆ, ಗಾಳಿಯ ಸಾರಜನಕ ಹಿಡಿದು ಮಣ್ಣಿಗೂ ಸೇರಿಸತ್ತೆ. ತುಳಿದ್ರೆ ಪುಡಿ, ಮತ್ತೆ ಬರೋಕೆ ದಶಕಗಳೇ ಬೇಕು, ಕಲ್ಲುಹೂವು ಇರೋದಾದ್ರೆ ಇನ್ನೂ ನಿಧಾನ. ದಯವಿಟ್ಟು ಇದನ್ನ ಒಡೀಬೇಡಿ, ಹರಗಬೇಡಿ.

ಬೆಂಕಿ ಬಿದ್ದ ನೆಲ ಆದ್ರೆ ಬೇರೆ ಥರ ಚೆಕ್ ಮಾಡಿ. ಕೆಲವು ಗಿಡಗಳ ಮೇಣ ಬಿಸಿಗೆ ಆವಿಯಾಗಿ ಕೆಳಗಿಳಿದು ತಣ್ಣಗಿರೋ ಕಣಗಳಿಗೆ ಅಂಟ್ಕೊಂಡು, ನೀರನ್ನೇ ಒಲ್ಲದ ಪದರ ಆಗಿರತ್ತೆ. ಬೂದಿ ಸರಿಸಿ ಒಂದು ಹನಿ ನೀರು ಬಿಡಿ, 5 ಸೆಕೆಂಡ್ ಆದ್ರೂ ಮುತ್ತಿನ ಥರ ಕೂತೇ ಇದ್ರೆ ಇದೇ ಸಮಸ್ಯೆ. ಮೇಲೆ ಇಂಗಿದ್ರೂ ನಂಬ್ಬೇಡಿ, ಒಂದೊಂದು ಸೆಂ.ಮೀ. ಕೆರೆದು ಕೆಳಗೂ ಹನಿ ಬಿಡಿ, ಆ ಪದರ ಸಾಮಾನ್ಯವಾಗಿ ಒಂದೆರಡು ಸೆಂ.ಮೀ. ಕೆಳಗೆ ಅಡಗಿರತ್ತೆ.

ಹಕ್ಕಳೆ ಎಷ್ಟು ಕೆಟ್ಟದು ಅಂತ ಅಳಿಯೋಕೆ ಎರಡು ಸುಲಭ ಪರೀಕ್ಷೆ. 15 ಸೆಂ.ಮೀ. ಅಗಲದ ಪೈಪಿನ ತುಂಡನ್ನ ನೆಲಕ್ಕೆ 5 ಸೆಂ.ಮೀ.ಯಷ್ಟು ಹುಷಾರಾಗಿ ಬಡಿದು, ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿ 440 ಮಿ.ಲೀ. ನೀರು ಹುಯ್ದು ಹಾಳೆ ಎಳೆದುಬಿಡಿ, ಅದು ಸರಿಯಾಗಿ 25 ಮಿ.ಮೀ. ಮಳೆಗೆ ಸಮ. ಮೊದಲನೇ ಸಲದ್ದು ಮಣ್ಣು ಹಸಿ ಮಾಡಕ್ಕೆ, ಎರಡನೇ ಸಲ ಹುಯ್ದಾಗ ಟೈಮ್ ನೋಡಿ. ಹುಲ್ಲಿನ ಬುಡದ ಹತ್ರ ಒಂದು, ಬೋಳು ಜಾಗದಲ್ಲಿ ಒಂದು, ಒಳ್ಳೇ ಜಾಗದಲ್ಲೂ ಹಾಗೇ ಎರಡು. ಎಷ್ಟು ನಿಮಿಷ ಅನ್ನೋದಕ್ಕಿಂತ ಇವುಗಳ ನಡುವಿನ ಅಂತರ ಮುಖ್ಯ. ಎರಡನೇ ಪರೀಕ್ಷೆಗೆ ಮೇಲ್ಮೈಯಿಂದ ಕಡಲೆಕಾಳಿನಷ್ಟು ದೊಡ್ಡ ಒಣ ಉಂಡೆ ತಗೊಂಡು ಜರಡಿ ಮೇಲಿಟ್ಟು ನೀರಲ್ಲಿ ಮುಳುಗಿಸಿ. 5 ಸೆಕೆಂಡಲ್ಲೇ ಕುಸಿದು ಕೆಸರಾದ್ರೆ ಆ ಮಣ್ಣಲ್ಲಿ ಅಂಟು ಉಳಿದಿಲ್ಲ. 5 ನಿಮಿಷ ನಿಂತು, ಆಮೇಲೆ ಐದು ಸಲ ಮೇಲೆ ಕೆಳಗೆ ಅದ್ದಿದ್ರೂ ಹೆಚ್ಚುಪಾಲು ಉಳಿದ್ರೆ ಬೇರು, ಸಾವಯವ ಅಂಶ ಇನ್ನೂ ಹಿಡ್ಕೊಂಡಿದೆ ಅಂತ. ಬೇಲಿಯ ಎರಡೂ ಕಡೆದನ್ನ ಅಕ್ಕಪಕ್ಕ ಇಟ್ಟು ಮಾಡಿ, ಕಣ್ಮುಂದೆನೇ ಕಾಣತ್ತೆ, ಯಾರಿಗೂ ವಿವರಿಸಿ ಹೇಳೋದೇ ಬೇಕಾಗಲ್ಲ.

ಮೇಲಿನ ಹತ್ತು ಸೆಂ.ಮೀ. ಬಿಗಿಯಾಗಿದ್ರೆ

ಗುಂಡಿ ಗೋಡೆಯಿಂದ ಒಂದು ಹೆಂಟೆ ಕಿತ್ತು ಕೈಯಲ್ಲಿ ನಿಧಾನಕ್ಕೆ ಒಡೀರಿ. ಆರೋಗ್ಯದ ಮೇಲ್ಮಣ್ಣು ಕಾಳು ಕಾಳಾಗಿ ಉದುರತ್ತೆ. ಪುಸ್ತಕದ ಹಾಳೆ ಥರ ಅಡ್ಡಡ್ಡ ಪದರವಾಗಿ ಬಿಟ್ಕೊಂಡ್ರೆ ತುಳಿತದ ಬಿಗಿತ, ಅದರಲ್ಲೂ ಹಸಿ ಇದ್ದಾಗ ದನ ಬಿಟ್ಟಿದ್ರೆ. ಬೇರು ಕೆಳಗೆ ಹೋಗದೆ ಆ ಹಾಳೆಗಳ ನಡುವೆ ಅಡ್ಡಕ್ಕೆ ತಿರುಗಿರೋದು ಪಕ್ಕಾ ಸಾಕ್ಷಿ. ಕಬ್ಬಿಣದ ರಾಡ್ ಚುಚ್ಚಿ ನೋಡೋ ಅಭ್ಯಾಸ ಇದ್ರೆ ಒಳ್ಳೇದೇ, ಆದ್ರೆ ಒಣಗಿದ ಮಣ್ಣು ಯಾವ್ದಾದ್ರೂ ಗಟ್ಟಿನೇ, ಎರಡೂ ಜಾಗ ಒಂದೇ ಹಸಿ ಇದ್ದಾಗ ಚುಚ್ಚಿದ್ರೆ ಮಾತ್ರ ಲೆಕ್ಕಕ್ಕೆ. ಈ ಬಿಗಿತ ಬಿಡಿಸೋಕೆ ನೇಗಿಲು ಬೇಡ, ಹಸಿ ಇದ್ದಾಗ ತುಳಿತ ತಪ್ಪಿಸಿದ್ರೆ ಒಣಗಿ ನೆನೆದು ಒಣಗಿ ನೆನೆದು, ಚಳಿ ಜಾಗ ಆದ್ರೆ ಹೆಪ್ಪುಗಟ್ಟಿ ಕರಗಿ, ಬೇರಿನಿಂದ್ಲೂ ನಿಧಾನಕ್ಕೆ ತಾನೇ ಬಿಡತ್ತೆ.

ಕೆಳಗಿನ ಗೆರೆಯಲ್ಲಿ ನಿಂತಿದ್ರೆ

ಹಾರೆ ಟಣ್ ಅಂತು ಅಂದ ಮಾತ್ರಕ್ಕೆ ಬಂಡೆ ಅಲ್ಲ. ತುಂಡು ಎತ್ತಿ ಒಂದೆರಡು ಹನಿ ದುರ್ಬಲ ಹೈಡ್ರೋಕ್ಲೋರಿಕ್ ಆಸಿಡ್ ಬಿಡಿ (ಶೇಕಡಾ 10ರದ್ದು, ಕೈಗವಸು ಕನ್ನಡಕ ಹಾಕ್ಕೊಂಡೇ), ಸಿಗ್ಲಿಲ್ಲ ಅಂದ್ರೆ ವಿನೆಗರ್ ಆದೀತು, ನೊರೆ ಕಮ್ಮಿ ಬರತ್ತೆ ಅಷ್ಟೇ, ಕಿವಿ ಹತ್ರ ಇಟ್ಟು ಸದ್ದು ಕೇಳ್ಬೇಕಾಗತ್ತೆ. ಬುಸ್ ಅಂತ ನೊರೆ ಬಂದ್ರೆ ಸುಣ್ಣದ ಪದರ. ಗಟ್ಟಿ ಇದೆ, ನೀರಲ್ಲಿ ರಾತ್ರಿ ಇಟ್ರೂ ಕರಗಲ್ಲ, ನೊರೆನೂ ಇಲ್ಲ ಅಂದ್ರೆ ಸಿಲಿಕಾ ಅಂಟಿರೋ ಪದರ, ಇಲ್ಲ ನಿಜವಾದ ಬಂಡೆನೇ. ಎರಡೂ ಹುಟ್ಟುಗುಣ. ಆಳಕ್ಕೆ ಸೀಳಿದ್ರೆ ಆಗತ್ತೆ ಅಂತ ಹೇಳೋರು ಸಿಗ್ತಾರೆ, ಪದರ ತೆಳುವಾಗಿದ್ದು ಅದರ ಕೆಳಗೆ ಮೆತ್ತಗಿನ ಒಳ್ಳೇ ಮಣ್ಣು ಇದೆ ಅಂತ ಗುಂಡಿಯಲ್ಲಿ ಕಣ್ಣಾರೆ ಕಂಡ್ರೆ ಮಾತ್ರ ಯೋಚಿಸಿ, ಇಲ್ಲಾಂದ್ರೆ ಸುಣ್ಣದ ಗಡ್ಡೆಗಳು ಮೇಲೆ ಬಂದು ಇದ್ದ ಹುಲ್ಲೂ ಹೋಗತ್ತೆ.

ಕಲ್ಲಿನ ಲೆಕ್ಕ ಮರೀಬೇಡಿ. ಗುಂಡಿ ಗೋಡೆಯಲ್ಲಿ ಅರ್ಧ ಭಾಗ ಕಲ್ಲಿದ್ರೆ ನೀರು ಹಿಡಿಯೋ ಶಕ್ತೀನೂ ಹೆಚ್ಚುಕಮ್ಮಿ ಅರ್ಧಾನೇ. 50 ಸೆಂ.ಮೀ. ಆಳ ಇದೆ ಅಂತ ಕಂಡ್ರೂ ಹುಲ್ಲಿನ ಪಾಲಿಗೆ ಅದು 25.

ಜೇಡಿ ಪದರ ಸಿಕ್ಕರೆ ಅದರ ಆಕಾರ ನೋಡಿ. ಸಣ್ಣ ಸಣ್ಣ ಮೂಲೆಯುಳ್ಳ ಗಟ್ಟಿಗಳಾಗಿ, ಸಂದಿಗಳಲ್ಲಿ ಬೇರು ಇಳಿದಿದ್ರೆ ಚಿಂತೆ ಇಲ್ಲ, ಅದು ನೀರಿನ ಬ್ಯಾಂಕ್ ಇದ್ದಂಗೆ. ಆದ್ರೆ ಕಂಬಗಳ ಥರ ಎದ್ದು ನಿಂತಿದೆ, ಕಂಬದ ತಲೆ ದುಂಡಗೆ, ಮೇಲೆ ಬೂದು-ಬಿಳಿ ಪುಡಿ ಟೋಪಿ ಹಾಕಿದಂಗಿದೆ, ಬೇರು ಆ ತಲೆ ಮೇಲೆ ಅಡ್ಡ ಹರಡಿದೆ ಅಂದ್ರೆ ಸೋಡಿಯಂ ಸಮಸ್ಯೆ ಅಂತ ಬಲವಾದ ಅನುಮಾನ ಪಡ್ಬೇಕು.

ಸೋಡಿಯಮ್ಮೋ, ಉಪ್ಪೋ, ಬರೀ ಸುಣ್ಣಾನೋ

ಮೂರಕ್ಕೂ ಬಿಳಿ ಬಣ್ಣ ಇರೋದ್ರಿಂದ ಮೂರನ್ನೂ ಒಂದೇ ಅಂತ ಕಲಸಿಬಿಡ್ತಾರೆ, ಔಷಧಿ ಮಾತ್ರ ಪೂರ್ತಿ ಬೇರೆ.

ಗಾಜಿನ ಲೋಟದಲ್ಲಿ ಮಳೆ ನೀರು ಇಲ್ಲ ಡಿಸ್ಟಿಲ್ಡ್ ವಾಟರ್ ತಗೊಂಡು ಒಣ ಉಂಡೆ ಒಂದನ್ನ ಮೆತ್ತಗೆ ಬಿಡಿ, ಕಲಕಬೇಡಿ, ಒಂದೆರಡು ಗಂಟೆ ಬಿಟ್ಟು ನೋಡಿ. ಉಂಡೆ ಕುಸಿದು ಚೂರಾದ್ರೂ ನೀರು ತಿಳಿಯಾಗಿದ್ರೆ ಅದು ಅಂಟಿಲ್ಲದ ಸಮಸ್ಯೆ, ಸೋಡಿಯಂ ಅಲ್ಲ. ಉಂಡೆ ಸುತ್ತ ಹಾಲು ಕದಡಿದಂಗೆ ಮೋಡ ಕಟ್ಟಿದ್ರೆ ಸೋಡಿಯಂ ಜೇಡಿ ಕಣಗಳನ್ನ ಬಿಡಿಬಿಡಿ ಮಾಡ್ತಿದೆ ಅಂತ. ಬೋರ್‌ವೆಲ್ ನೀರಲ್ಲಿ ಈ ಟೆಸ್ಟ್ ಮಾಡ್ಬೇಡಿ, ಅದರಲ್ಲಿರೋ ಲವಣ ಕಣಗಳನ್ನ ಹಿಡಿದಿಟ್ಟು ಮೋಡ ಬರೋಕೇ ಬಿಡಲ್ಲ, ಸುಳ್ಳು ಧೈರ್ಯ ಕೊಡತ್ತೆ. ಇದೇ ಕಾರಣಕ್ಕೆ ಉಪ್ಪೂ ಸೋಡಿಯಮ್ಮೂ ಎರಡೂ ಜಾಸ್ತಿ ಇರೋ ಮಣ್ಣು ಮೊದಲು ತಿಳಿಯಾಗೇ ಕಂಡು, ಉಪ್ಪು ತೊಳೆದು ಹೋದ್ಮೇಲೆ ಮುಚ್ಕೊಂಡುಬಿಡತ್ತೆ.

ಪಿಎಚ್, ಅಂದ್ರೆ ಮಣ್ಣು ಹುಳಿಯೋ ಕ್ಷಾರವೋ ಅನ್ನೋ ಅಳತೆ, ಅದೂ ದಾರಿ ತೋರಿಸತ್ತೆ. ಬರೀ ಸುಣ್ಣ ಇರೋ ಮಣ್ಣಿನ ಪಿಎಚ್ ಸಾಮಾನ್ಯವಾಗಿ 8.4 ದಾಟಲ್ಲ, 8.5ಕ್ಕಿಂತ ಮೇಲಿದ್ರೆ ಸೋಡಿಯಂ ನೋಡಿಸಿ. ಲ್ಯಾಬ್ ರಿಪೋರ್ಟಲ್ಲಿ ಇಎಸ್‌ಪಿ ಅಂತ ಇರತ್ತೆ, ಮಣ್ಣಿನ ಕಣಕ್ಕೆ ಅಂಟಿರೋದ್ರಲ್ಲಿ ಸೋಡಿಯಂ ಪಾಲು ಶೇಕಡಾ ಎಷ್ಟು ಅಂತ. ಅಮೆರಿಕದ ಕೃಷಿ ಇಲಾಖೆಯ 1954ರ ಕೈಪಿಡಿಯಿಂದ ಬಂದ ಗಡಿ 15, ಆಸ್ಟ್ರೇಲಿಯಾದಲ್ಲಿ 6ಕ್ಕೇ ಎಚ್ಚರ ಆಗ್ತಾರೆ. ಅಲ್ಲಿ ಇಲ್ಲಿ ಮಣ್ಣು ಬೇರೆ, ಆದ್ರೆ ಲೋಟದಲ್ಲಿ ಮೋಡ ಕಂಡ್ರೆ ನಾನಂತೂ 15ರವರೆಗೆ ಕಾಯಲ್ಲ. ಉಪ್ಪಿಗೆ ಇಸಿ (ವಿದ್ಯುತ್ ಎಷ್ಟು ಹರಿಯತ್ತೆ ಅನ್ನೋ ಅಳತೆ, ಉಪ್ಪು ಜಾಸ್ತಿ ಇದ್ದಷ್ಟೂ ಜಾಸ್ತಿ) ನೋಡ್ಬೇಕು, ನೀರು ತುಂಬಿದ ಮಣ್ಣಿನ ಸಾರದಲ್ಲಿ ಮೀಟರಿಗೆ 4 ಡೆಸಿಸೀಮೆನ್ಸ್ ದಾಟಿದ್ರೆ ಸವಳು ಅಂತ. ನಿಜ ಹೇಳಬೇಕಂದ್ರೆ ಬೋರೆ ತಲೆ ಮೇಲೆ ಉಪ್ಪು ಕಮ್ಮಿನೇ, ಅದು ತಗ್ಗಿನ ಕಾಯಿಲೆ, ಬೋರೆಯಲ್ಲಿ ಉಪ್ಪು ಸಿಕ್ಕರೆ ಕೆಳಗಿನ ಕಲ್ಲೇ ಉಪ್ಪಿನದ್ದಾ ಅಂತ ನೋಡಿ.

ಜಿಪ್ಸಂ ಕೆಲಸ ಮಾಡೋದು ಸೋಡಿಯಮ್ಮಿಗೆ, ಅದರ ಕ್ಯಾಲ್ಸಿಯಂ ಸೋಡಿಯಮ್ಮನ್ನ ಕಣದಿಂದ ತಳ್ಳತ್ತೆ, ಆದ್ರೆ ತಳ್ಳಿದ ಸೋಡಿಯಂ ಕೆಳಗೆ ತೊಳೆದು ಹೋಗಕ್ಕೆ ನೀರು ಬೇಕು, ಒಣ ಬೋರೆಯಲ್ಲಿ ಅದೇ ಇಲ್ಲ, ಹಾಗಾಗಿ ನಿಧಾನ. ಸುಣ್ಣದ ಮಣ್ಣಿಗೆ ಜಿಪ್ಸಂ ಹಾಕಿದ್ರೆ ಏನೂ ಬದಲಾಗಲ್ಲ.

ಮಣ್ಣೇ ಇಲ್ದಿದ್ರೆ

ಇದನ್ನ ಕಂಡುಹಿಡಿಯೋದು ಕಷ್ಟ, ಇಲ್ಲದ್ದನ್ನ ನೋಡ್ಬೇಕಲ್ಲ. ಹುಲ್ಲಿನ ಬುಡಗಳು ಪೀಠದ ಮೇಲೆ ಕೂತಂಗೆ ಎತ್ತರಕ್ಕೆ ನಿಂತಿವೆಯಾ, ಪಕ್ಕದಲ್ಲಿ ಬೇರು ಗಾಳಿಗೆ ಬಿದ್ದಿದೆಯಾ ನೋಡಿ. ಕಲ್ಲಿನ ಮೇಲೆ ಹಳೇ ಮಣ್ಣಿನ ಗೆರೆ, ಅಂದ್ರೆ ಕೆಳಗಿನ ಭಾಗ ಬೇರೆ ಬಣ್ಣ, ಕಲ್ಲುಹೂವು ಇಲ್ಲದೆ ಇದೆಯಾ ನೋಡಿ. ಸಣ್ಣ ಕಡ್ಡಿ, ಒಣ ಎಲೆ ಎಲ್ಲ ಇಳಿಜಾರಿಗೆ ಅಡ್ಡಲಾಗಿ ಪುಟ್ಟ ಪುಟ್ಟ ಒಡ್ಡು ಕಟ್ಟಿದ್ರೆ ನೀರು ಹಾಳೆಯಂತೆ ಹರೀತಿದೆ ಅಂತ. ಮೇಲ್ಮೈಯಲ್ಲಿ ಬರೀ ಗರಸು ಉಳಿದು, ಒಂದು ಇಂಚು ಕೆಳಗೆ ಗರಸು ಕಮ್ಮಿ ಇದ್ರೆ ನುಣ್ಣನೆ ಮಣ್ಣು ಹೋಗಿ ಕಲ್ಲು ಉಳಿದಿರಬಹುದು.

ನನಗೆ ಇದು ಅರ್ಥ ಆಗಿದ್ದು ಒಂದೇ ಇಳಿಜಾರಿನ ಎರಡು ಗುಂಡಿಯಿಂದ. ಹತ್ತು ಹೆಜ್ಜೆ ಅಂತರ ಅಷ್ಟೇ. ಒಂದರಲ್ಲಿ ಆಸಿಡ್ ಹನಿ ಬಿಟ್ರೆ 30 ಸೆಂ.ಮೀ. ಆಳದಲ್ಲಿ ನೊರೆ ಶುರು, ಇನ್ನೊಂದರಲ್ಲಿ 5 ಸೆಂ.ಮೀ.ಗೇ ಶುರು. ಮೊದಲು ಎರಡು ಬೇರೆ ಬೇರೆ ಮಣ್ಣು ಅನ್ಕೊಂಡೆ, ಆಮೇಲೆ ನೊರೆ ಬರೋ ಪದರದಲ್ಲಿನ ಗಂಟುಗಳು, ಬಣ್ಣ, ಕಲ್ಲು ಎಲ್ಲ ಒಂದೇ ಅಂತ ಗೊತ್ತಾಯ್ತು. ಒಂದೇ ಮಣ್ಣು, ಒಂದರ ಮೇಲಿಂದ 25 ಸೆಂ.ಮೀ. ಹೋಗಿತ್ತು. ಆ ದಿನ ಗುಂಡಿ ಪಕ್ಕ ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ಒಂದು ಹೆಕ್ಟೇರಲ್ಲಿ ಬರೀ 1 ಮಿ.ಮೀ. ಮಣ್ಣು ಹೋದ್ರೂ ಅದು ಸುಮಾರು 13 ಟನ್, ಕಣ್ಣಿಗೆ ಮಾತ್ರ ಏನೂ ಕಾಣಲ್ಲ. ಸುಣ್ಣದ ಆಳ ಒಂದು ಥರ ಅಳತೆಗೋಲು, ಒಳ್ಳೇ ಜಾಗದಲ್ಲಿ ಎಷ್ಟು, ನಿಮ್ಮಲ್ಲಿ ಎಷ್ಟು ಅಂತ ಬರೆದಿಡಿ. ಒಂದು ಎಚ್ಚರ, ಸುಣ್ಣದ ಧೂಳು ಗಾಳಿಯಲ್ಲಿ ಬಂದು ಬೀಳೋ ಕಡೆ ಮೇಲ್ಮೈಯಲ್ಲೂ ನೊರೆ ಬರಬಹುದು, ಅದಕ್ಕೇ ಬರೀ ನೊರೆ ನಂಬದೆ ಗಂಟು ಎಲ್ಲಿಂದ ಶುರು ಅಂತಾನೂ ನೋಡ್ಬೇಕು.

ಹೋದ ಮಣ್ಣು ನಮ್ಮ ಕಾಲದಲ್ಲಿ ವಾಪಸ್ ಬರಲ್ಲ. ಇಲ್ಲಿ ಕೆಲಸ ಅಂದ್ರೆ ಉಳಿದಿದ್ದನ್ನ ನಿಲ್ಸೋದು, ಸಮಪಾತಳಿ ಗೆರೆ (ಇಳಿಜಾರಿಗೆ ಅಡ್ಡಲಾಗಿ ಒಂದೇ ಎತ್ತರದಲ್ಲಿ ಸಾಗೋ ಗೆರೆ) ಮೇಲೆ ಕಲ್ಲು ಸಾಲು, ಕಡ್ಡಿ ಸಾಲು ಇಟ್ಟು ನೀರಿನ ವೇಗ ಮುರಿಯೋದು, ಬೋಳು ಜಾಗಕ್ಕೆ ಒಣ ಹುಲ್ಲು ಮುಳ್ಳುಕಂಟಿ ಮುಚ್ಚೋದು.

ನೀರು ಇಳಿದಿದೆ, ಆಳ ಇದೆ, ಆದ್ರೂ ಹುಲ್ಲಿಲ್ಲ

ಆಗ ಮಣ್ಣಿನ ತಪ್ಪು ಹುಡುಕೋದು ಬಿಟ್ಟು ಹುಲ್ಲಿನ ಬುಡ ಹಿಡಿದು ಎಳೀರಿ. ಸುಲಭವಾಗಿ ಕಿತ್ತು ಬಂದ್ರೆ, ಬೇರು ಗಿಡ್ಡ ಇದ್ರೆ, ಪದೇ ಪದೇ ಮೇಯ್ಸಿ ಬೇರು ಸೊರಗಿದೆ. ಬಹಳ ಕಡೆ ಉತ್ತರ ಇಷ್ಟೇ.

ಸಾರಜನಕ, ರಂಜಕ ಕಮ್ಮಿ ಇರಬಹುದು, ಸುಣ್ಣದ ಮಣ್ಣಲ್ಲಿ ರಂಜಕ ಕ್ಯಾಲ್ಸಿಯಂ ಜೊತೆ ಸೇರಿ ಸಿಕ್ಕಿಹಾಕ್ಕೊಂಡಿರತ್ತೆ, ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಿದ್ರೆ ಕಬ್ಬಿಣದ ಕೊರತೆ. ಲ್ಯಾಬಿಗೆ ಕಳಿಸೋದಾದ್ರೆ ಗಿಡದ ಅಡಿಯ ಮಣ್ಣು, ಬೋಳು ಜಾಗದ ಮಣ್ಣು ಬೇರೆ ಬೇರೆ ಚೀಲದಲ್ಲಿ ಕಳಿಸಿ. ಒಣ ನೆಲದಲ್ಲಿ ಫಲವತ್ತತೆ ಪೊದೆಯ ಅಡಿ ದ್ವೀಪದ ಥರ ಗುಡ್ಡೆಯಾಗಿರತ್ತೆ, ಎರಡನ್ನೂ ಕಲಸಿದ್ರೆ ಬರೋ ಸರಾಸರಿ ಆ ಹೊಲದಲ್ಲಿ ಎಲ್ಲೂ ಇಲ್ಲದ ಮಣ್ಣಿನದ್ದು. ಆಳಾನೂ 0ರಿಂದ 5 ಸೆಂ.ಮೀ. ಬೇರೆ, ಅದರ ಕೆಳಗಿಂದು ಬೇರೆ. ಬೆಳೆ ಹೊಲಕ್ಕೆ ಬರೆದ ಗೊಬ್ಬರದ ಪಟ್ಟಿ ಇಲ್ಲಿಗೆ ಹೊಂದಲ್ಲ, ನೀರಿಲ್ಲದ ಕಡೆ ಸಾರಜನಕ ಸುರಿದ್ರೆ ಬಹುವಾರ್ಷಿಕ ಹುಲ್ಲಿಗಿಂತ ಒಂದು ಮಳೆಗೆ ಎದ್ದು ಸಾಯೋ ಕಳೆಗೇ ಲಾಭ ಜಾಸ್ತಿ.

ಇನ್ನೊಂದು ಮಾತು, ಮರಳು ಮಣ್ಣು ಅಂದ್ರೆ ಕೀಳು ಅಂತ ಬೇಜಾರು ಮಾಡ್ಕೊಳ್ಳೋರಿಗೆ. ಮಳೆ ಜಾಸ್ತಿ ಇರೋ ಕಡೆ ಜೇಡಿ ಮಣ್ಣು ಗೆಲ್ಲತ್ತೆ ನಿಜ, ಆದ್ರೆ ಒಣ ನೆಲದಲ್ಲಿ ಲೆಕ್ಕ ತಿರುಗುಮುರುಗು. ಜೇಡಿಯಲ್ಲಿ ಸಣ್ಣ ಮಳೆ ಮೇಲಿನ ಹತ್ತು ಸೆಂ.ಮೀ.ನಲ್ಲೇ ಉಳಿದು ಬಿಸಿಲಿಗೆ ಆವಿಯಾಗತ್ತೆ, ಮರಳಲ್ಲಿ ಅದೇ ನೀರು ಬಿಸಿಲು ಮುಟ್ಟದ ಆಳಕ್ಕೆ ಇಳಿದು ಬೇರಿಗೆ ಸಿಗತ್ತೆ. ಇಸ್ರೇಲಿನ ಇಮ್ಯಾನುಯೆಲ್ ನೋಯ್-ಮೇಯಿರ್ ಅನ್ನೋ ಪರಿಸರ ವಿಜ್ಞಾನಿ 1973ರಲ್ಲಿ ಇದನ್ನ ಬಿಡಿಸಿ ಬರೆದಿದ್ದಾರೆ. ಹಂಗಾಗಿ ಒಣ ಬೋರೆಯಲ್ಲಿ ಮೇಲೆ ಹದವಾದ ಮರಳು, ಒಂದೆರಡು ಅಡಿ ಕೆಳಗೆ ನೀರು ಹಿಡಿಯೋ ಜೇಡಿ ಇದ್ರೆ ಅದಕ್ಕಿಂತ ಒಳ್ಳೇ ಜೋಡಣೆ ಸಿಗೋದು ಕಷ್ಟ, ಅಂಥ ಕಡೆ ಮಣ್ಣನ್ನ ತಿರುವಿ ಹಾಕಿ ಅದನ್ನ ಕೆಡಿಸ್ಬೇಡಿ.

ಗುಂಡಿ ಮುಚ್ಚೋವಾಗ ಮಣ್ಣು ಮೊದಲಿದ್ದ ಕ್ರಮದಲ್ಲೇ ಮುಚ್ಚಿ, ಕೆಳಗಿಂದು ಕೆಳಗೆ, ಮೇಲಿಂದು ಮೇಲೆ, ಅದಕ್ಕೇ ತೋಡುವಾಗಲೇ ಎರಡು ಗುಡ್ಡೆ ಬೇರೆ ಮಾಡಿ ಗೋಣಿ ಮೇಲೆ ಹಾಕ್ಕೊಳ್ಳಿ. ಟೇಪ್ ಇಟ್ಟು ಫೋಟೋ ತೆಗೆದು, ತಾರೀಕು, ಹಿಂದಿನ ದಿನದ ಮಳೆ, ಹಸಿ ಇಳಿದ ಆಳ, ನೊರೆ ಶುರುವಾದ ಆಳ ನಾಲ್ಕನ್ನೂ ಬರೆದು, ಪಕ್ಕದಲ್ಲಿ ಒಂದು ಗೂಟ ಹೊಡೆದಿಡಿ, ಮುಂದಿನ ವರ್ಷ ಗೂಟದಿಂದ ಒಂದು ಮಾರು ಪಕ್ಕಕ್ಕೆ ಮತ್ತೆ ತೋಡ್ಬೇಕು.